ನಾಲ್ಕು ಬೆರಳಿನ ಬಳ್ಳಿ

ಲೊಟಕ್, ಲೊಟಕ್.

ಯಾರೋ ಮೆಟ್ಟಿಲು ಹತ್ತಿ ಬರುತ್ತಿದ್ದರು. ಒಂದೊಂದು ಹೆಜ್ಜೆಗೂ ಡಬ್ಬಿಯೊಳಗೆ ಏನೋ ಉರುಳಿ ಬಡಿಯುವ ಸದ್ದು. ಬಸಿರಪ್ಪನ ಕೈಯಲ್ಲಿದ್ದ ಉಪ್ಪುಕಾಗದ ನಿಂತಿತು. ಆ ಸದ್ದು ಅವನಿಗೆ ಗೊತ್ತು. ಅಂಟು ಬಿಟ್ಟ ಮಗು ಗರ್ಭಕೋಶದೊಳಗೆ ಹೊರಳಾಡುವ ಸದ್ದು ಅದು.

ಬಸಿರಪ್ಪ ಎಂಬುದು ಬೀದಿಯವರು ಇಟ್ಟ ಹೆಸರು. ಶಾಲೆಗಳಿಗೂ ನರ್ಸಿಂಗ್ ಕಾಲೇಜುಗಳಿಗೂ ಫೈಬರಿನ ಗರ್ಭಕೋಶಗಳನ್ನು ಮಾಡಿಕೊಡುವವನಿಗೆ ಇನ್ನೇನು ಹೆಸರಿಟ್ಟಾರು? ಮೊದಲು ಅವನು ಬಟ್ಟೆ ಅಂಗಡಿಯ ಗೊಂಬೆಗಳನ್ನು ಮಾಡುತ್ತಿದ್ದ. ಇಪ್ಪತ್ತಾರು ವರ್ಷದ ಹಿಂದೆ ಡಾಕ್ಟರೊಬ್ಬರು ಪುಸ್ತಕದ ಒಂದು ಚಿತ್ರ ತೋರಿಸಿ, ಇದನ್ನು ಮಾಡಿಕೊಡ್ತೀಯಾ ಎಂದು ಕೇಳಿದರು. ಆಗ ಅವನ ಹೆಂಡತಿಗೆ ಐದು ತಿಂಗಳು. ಹಗಲು ಚಿತ್ರ ನೋಡಿದ, ಮನೆಗೆ ಹೋಗಿ ಹೆಂಡತಿಯ ಹೊಟ್ಟೆ ನೋಡಿದ, ಅಂತೂ ಅಚ್ಚು ತೆಗೆದ. ಚಿತ್ರದಲ್ಲಿ ಮಗುವಿನ ತಲೆ ಕೆಳಗಿತ್ತು. ಅಂದಿನಿಂದ ಇಂದಿನವರೆಗೆ ಅವನು ಕೂರಿಸಿದ ಮಕ್ಕಳೆಲ್ಲ ತಲೆ ಕೆಳಗೇ.

ಕಾರ್ಖಾನೆಯ ಗೋಡೆಯ ಕಪಾಟಿನಲ್ಲಿ ಎಲ್ಲವೂ ಸಾಲಾಗಿದ್ದವು. ಬಾದಾಮಿ ಗಾತ್ರದ ಅಂಡಾಶಯಗಳು. ತುದಿಯಲ್ಲಿ ಬೆರಳು ಬಿಡಿಸಿದಂತಿರುವ ನಾಳಗಳು. ನಿಂಬೆಹಣ್ಣಿನಷ್ಟು ದೊಡ್ಡದು ಮಾಡಿದ ಒಂದು ಅಂಡಾಣು, ಅದರ ಸುತ್ತ ಗುಂಡುಸೂಜಿಗೆ ದಾರ ಕಟ್ಟಿ ಮಾಡಿದ ವೀರ್ಯಾಣುಗಳು. ಒಂದೇ ಒಂದು ಸೂಜಿ ಮಾತ್ರ ಅರ್ಧ ಒಳಗೆ ಹೊಕ್ಕಿತ್ತು. ಆಮೇಲೆ ತಿಂಗಳಿಗೊಂದರಂತೆ ಒಂಬತ್ತು ಗರ್ಭಕೋಶಗಳು. ಮಗಳು ಏಳು ವರ್ಷದವಳಿದ್ದಾಗ ಇದೇ ಕಪಾಟಿನ ಮುಂದೆ ನಿಂತು, “ಅಪ್ಪಾ, ನಾನಿದ್ದಿದ್ದು ಯಾವುದರಲ್ಲಿ?” ಎಂದು ಕೇಳಿದ್ದಳು. ಅವನು ತಡಬಡಾಯಿಸಿ ಮೂರನೆಯದನ್ನು ತೋರಿಸಿದ್ದ. “ಅಷ್ಟು ಚಿಕ್ಕದರಲ್ಲಾ? ಸುಳ್ಳು!” ಎಂದು ಅವಳು ಬಿದ್ದು ಬಿದ್ದು ನಕ್ಕಿದ್ದಳು.

ಈಗ ಅವಳಿಗೆ ಮೂವತ್ತೇಳು ವಾರ. ಮಗುವಿನ ತಲೆ ಮೇಲಿದೆ, ಕುಂಡೆ ಕೆಳಗಿದೆ. ಇವತ್ತು ಹನ್ನೊಂದಕ್ಕೆ ಡಾಕ್ಟರು ಹೊಟ್ಟೆಯ ಮೇಲಿಂದಲೇ ಕೈಯಿಂದ ತಿರುಗಿಸಲು ನೋಡುತ್ತಾರೆ. ಬೆಳಗ್ಗೆ ಮನೆಯಲ್ಲಿ ಬಸಿರಪ್ಪನೂ ಹೊರಟು ನಿಂತಿದ್ದ. ಹೆಂಡತಿ ಬಾಗಿಲಿಗೆ ಅಡ್ಡ ನಿಂತು, “ನೀವು ಖಂಡಿತ ಬರಬೇಡಿ. ಒಂದು ಕಡೆ ಕೂರಲ್ಲ, ನಿಲ್ಲಲ್ಲ. ನಿಮ್ಮನ್ನ ನೋಡಿದ್ರೆ ಅವಳ ಬಿಪಿ ಏರುತ್ತೆ” ಎಂದಿದ್ದಳು. ಅಳಿಯ ಕೆಲಸದ ಮೇಲೆ ದೂರ ಹೋಗಿದ್ದ. ತಾಯಿ ಮಗಳು ಇಬ್ಬರೇ ಹೋದರು.

ಆಗಿನಿಂದ ಅವನು ಫೈಬರಿನ ಒಂದೇ ಹೊಟ್ಟೆಯನ್ನು ಉಜ್ಜುತ್ತಿದ್ದ. ಬಣ್ಣ ಹೋಗಿ ಬಿಳಿ ಕಾಣುತ್ತಿತ್ತು.

“ಯಜಮಾನ್ರೇ, ನೋಡಿ ನಿಮ್ಮ ಘನಕಾರ್ಯ!” ನರ್ಸಿಂಗ್ ಶಾಲೆಯ ಟೀಚರಮ್ಮ ಒಳಗೆ ಬಂದು ಗರ್ಭಕೋಶವನ್ನು ಮೇಜಿನ ಮೇಲಿಟ್ಟರು. ಮೂವತ್ತು ವರ್ಷ ಹೆರಿಗೆ ಕೋಣೆಯಲ್ಲಿದ್ದವರು. ದನಿ ಈಗಲೂ ನೋವು ತಿನ್ನುವವರನ್ನು ಕೂಗಿ ಎಚ್ಚರಿಸುವಷ್ಟು ಗಟ್ಟಿ. “ಕ್ಲಾಸಿನಲ್ಲಿ ಎತ್ತಿ ತೋರಿಸಿದೆ, ಮಗು ಒಳಗೇ ಲೊಟಲೊಟ ಅಂತು. ಹುಡುಗೀರೆಲ್ಲ ಹೊಟ್ಟೆ ಹಿಡ್ಕೊಂಡು ನಕ್ಕರು.”

“ಅಂಟು ಹಳೇದಾಗಿರ್ಬೇಕು. ಹಾಕ್ಕೊಡ್ತೀನಿ ಬಿಡಿ.” ಅವನ ಕಣ್ಣು ಕಿಟಕಿಯ ಹಲಗೆಯ ಮೇಲಿದ್ದ ಫೋನಿನ ಕಡೆಗಿತ್ತು. ಹತ್ತೂ ಐವತ್ತು.

“ಏನು, ಕಾಲಿಗೆ ಚಕ್ರ ಕಟ್ಕೊಂಡಿದ್ದೀರಾ? ಬಂದಾಗಿಂದ ನಾಲ್ಕು ಸಲ ಕಿಟಕಿಗೆ ಹೋದ್ರಿ.”

ಅವನು ಹೇಳಿಬಿಟ್ಟ. ಹೇಳುತ್ತ ಲೋಟದ ನೀರು ಕುಡಿಯಲು ಹೋಗಿ, ಬ್ರಶ್ ಅದ್ದಿಟ್ಟ ಲೋಟವನ್ನು ಎತ್ತಿಕೊಂಡ. ಟೀಚರಮ್ಮ ಅದನ್ನು ಕಿತ್ತು ಕೆಳಗಿಟ್ಟರು.

“ಕೂತ್ಕೊಳ್ಳಿ. ಹೇಗೆ ತಿರುಗಿಸ್ತಾರೆ ಅಂತ ತೋರಿಸ್ತೀನಿ, ಧೈರ್ಯ ಬರುತ್ತೆ.” ಅವರು ಗರ್ಭಕೋಶದ ಮುಚ್ಚಳ ತೆಗೆದು ಬೆರಳು ಹಾಕಿದರು. “ಒಂದು ಕೈ ತಲೆ ಹತ್ತಿರ, ಒಂದು ಕೈ ಕುಂಡೆ ಹತ್ತಿರ. ಮೆಲ್ಲಗೆ ಲಾಗ ಹಾಕ್ಸಿದ ಹಾಗೆ. ಪಕ್ಕದಲ್ಲೇ ಸ್ಕ್ಯಾನ್ ಇರುತ್ತೆ. ಎದೆಬಡಿತ ಕೇಳ್ತಾನೇ ಇರ್ತಾರೆ, ಅದು ನಿಧಾನ ಆಯ್ತು ಅಂದ್ರೆ ಕೈ ತೆಗೆದುಬಿಡ್ತಾರೆ. ಹೆಚ್ಚುಕಮ್ಮಿ ಅರ್ಧದಷ್ಟು ಮಕ್ಕಳು ತಿರುಗ್ತವೆ.”

ಮಗು ಅರ್ಧ ತಿರುಗಿತು. ಅಲ್ಲಿಗೆ ನಿಂತಿತು. ಅವರು ಇನ್ನೊಮ್ಮೆ ದೂಡಿದರು. ಬಿಟ್ಟ ಕೂಡಲೇ ಅದು ಮೊದಲಿದ್ದ ಕಡೆಗೇ ಮರಳಿತು.

“ಇದೇನ್ರೀ?” ಟೀಚರಮ್ಮ ಕನ್ನಡಕ ಸರಿಮಾಡಿಕೊಂಡರು. “ಹೊಕ್ಕುಳಬಳ್ಳಿ ಇಷ್ಟೇನಾ?”

ಎರಡು ನೀಲಿ, ಒಂದು ಕೆಂಪು ವೈರು ಹೆಣೆದ ಬಳ್ಳಿ. ಒಂದು ತುದಿ ಗರ್ಭಕೋಶದ ಗೋಡೆಗಂಟಿದ ಮಾಸಿಗೆ, ಇನ್ನೊಂದು ಮಗುವಿನ ಹೊಕ್ಕುಳಿಗೆ. ಅವರು ಬೆರಳಿಟ್ಟು ಅಳೆದರು. ನಾಲ್ಕು ಬೆರಳು.

“ಅರ್ಧ ಅಳತೆಯ ಮಾದರಿ ಇದು. ನಿಜದ ಬಳ್ಳಿ ಸುಮಾರು ಒಂದು ಮೊಳ. ಇಲ್ಲಿ ಒಂದು ಗೇಣಾದ್ರೂ ಬೇಡ್ವಾ? ಇಷ್ಟು ವರ್ಷ ಯಾರೂ ಹೇಳ್ಲಿಲ್ವಾ ನಿಮಗೆ?”

ಯಾರೂ ಹೇಳಿರಲಿಲ್ಲ. ಅಂಟು ಹಾಕಿ ಕೂರಿಸಿದ ಮಗುವನ್ನು ಯಾರು ತಿರುಗಿಸಿ ನೋಡುತ್ತಾರೆ? ಮೊದಮೊದಲು ಉದ್ದ ಬಿಟ್ಟಿದ್ದ. ಬಳ್ಳಿ ಸುರುಳಿ ಸುತ್ತಿ ಮಗುವಿನ ಮುಖ ಮುಚ್ಚುತ್ತಿತ್ತು. ಅಷ್ಟು ಕಷ್ಟಪಟ್ಟು ತಿದ್ದಿದ ಮೂಗು, ರೆಪ್ಪೆ ಕಾಣಲಿ ಎಂಬ ಆಸೆಗೆ ಕತ್ತರಿಸಿದ್ದ. ಆಮೇಲೆ ಅದೇ ಅಭ್ಯಾಸವಾಯಿತು.

“ಟೀಚರಮ್ಮಾ, ನಿಜವಾಗ್ಲೂ ಯಾರಿಗಾದ್ರೂ ಇಷ್ಟು ಗಿಡ್ಡ ಇರುತ್ತಾ?”

“ಅಪರೂಪಕ್ಕೆ ಗಿಡ್ಡ ಇರೋದುಂಟು...” ಅವರು ಅವನ ಮುಖ ನೋಡಿ ಮಾತು ನುಂಗಿದರು. “ಅಯ್ಯೋ, ನೀವು ವೈರು ಕತ್ತರಿಸಿದ್ದಕ್ಕೂ ನಿಮ್ಮ ಮಗಳ ಹೊಟ್ಟೆಗೂ ಏನ್ರೀ ಸಂಬಂಧ?”

ಸಂಬಂಧವಿಲ್ಲ ಎಂದು ಅವನಿಗೂ ಗೊತ್ತಿತ್ತು. ಆದರೂ ವೈರಿನ ಸುರುಳಿ ಎಳೆದು, ಒಂದೊಂದು ಗೇಣು ಅಳೆದು ಕತ್ತರಿಸತೊಡಗಿದ. ಹಳೆಯ ಬಳ್ಳಿ ಕಿತ್ತು ಮಗುವನ್ನು ಹೊರತೆಗೆದ, ಹೊಸ ವೈರುಗಳನ್ನು ಅದರ ಹೊಕ್ಕುಳಿಗೆ ಸಿಕ್ಕಿಸಿ ಹೆಣೆಯತೊಡಗಿದ. ಕೆಂಪು ವೈರು ಎರಡು ಸಲ ಜಾರಿತು. ಹನ್ನೊಂದೂ ಹತ್ತು. ಹನ್ನೊಂದೂ ಇಪ್ಪತ್ತು. ಫೋನು ಎತ್ತಿದ, ಇಟ್ಟ. ಕಿಟಕಿ ತೆರೆದ, ಮುಚ್ಚಿದ.

“ಹೆಣೆಯೋದು ಇನ್ನೂ ಬಿಗಿಯಾಗ್ಲಿ” ಎಂದು ಟೀಚರಮ್ಮ ಹೇಳುತ್ತಿದ್ದಾಗ ಫೋನು ಬಡಿದುಕೊಂಡಿತು.

ಹೆಂಡತಿ. “ತಿರುಗ್ಲಿಲ್ಲ ಕಣ್ರೀ.”

ಅವನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ.

“ಮಗು ಚೆನ್ನಾಗಿದೆ, ಎದೆಬಡಿತ ಚೆನ್ನಾಗಿದೆ. ಇವಳೇ ಭಯಕ್ಕೆ ಹೊಟ್ಟೆ ಕಲ್ಲು ಮಾಡ್ಕೊಂಡಿದ್ದಾಳೆ, ಡಾಕ್ಟರ ಕೈಯೇ ಇಳೀತಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದೇ ಸಲ ನೋಡ್ತಾರಂತೆ. ಆಗಲೂ ಆಗದಿದ್ರೆ ಆಪರೇಷನ್‌ಗೆ ದಿನ ಗೊತ್ತು ಮಾಡ್ತಾರೆ.”

“ಬಳ್ಳಿ? ಬಳ್ಳಿ ಉದ್ದ ಇದೆಯಂತಾ?”

“ಯಾವ ಬಳ್ಳಿ? ಏನ್ ಮಾತಾಡ್ತಿದ್ದೀರಿ?” ಆ ಕಡೆ ಯಾರೋ ನಕ್ಕರು, ಮಗಳ ನಗು, ಅಳುವಿನ ಪಕ್ಕದ ನಗು. ಹೆಂಡತಿಯ ದನಿ ತಗ್ಗಿತು. “ಕೇಳಿಸ್ತಾ? ಬೆಳಗ್ಗೆಯಿಂದ ಮೊದಲನೇ ಸಲ ನಗ್ತಿದ್ದಾಳೆ. ಅಪ್ಪ ಬರ್ಲಿ, ಅವರ ಒದ್ದಾಟ ನೋಡಿದ್ರೆ ನನಗೆ ನಗು ಬರುತ್ತೆ, ಹೊಟ್ಟೆ ಸಡಿಲ ಆಗುತ್ತೆ ಅಂತಾಳೆ. ನಾನೇ ಬೇಡ ಅಂದಿದ್ದೆ... ಬನ್ರೀ, ಬೇಗ.”

ಅವನು ಫೋನು ಜೇಬಿಗೆ ಹಾಕಿದ. ಏಪ್ರನ್ನಿನ ಇನ್ನೊಂದು ಜೇಬಿಗೆ ಕೈಯಲ್ಲಿದ್ದುದನ್ನು ತುರುಕಿದ. ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಕಾರ್ಖಾನೆಯ ರಬ್ಬರು ಚಪ್ಪಲಿ.

“ಏನಂತೆ? ತಿರುಗ್ತಾ?” ಟೀಚರಮ್ಮ ಎದ್ದು ನಿಂತರು. “ಹೋಗಿ, ಹೋಗಿ. ಆದ್ರೆ ಒಂದು ಮಾತು, ಗುರುವಾರ ನನಗೆ ಪಾಠ ಇದೆ. ಈ ಬಳ್ಳಿ ನಾನೇ ಕಟ್ಕೊಳ್ಳಲಾ, ಇಲ್ಲ ನೀವು... ಅಲ್ಲ, ಯಜಮಾನ್ರೇ! ಮಗು ಎಲ್ಲಿ? ಮಗು ನಿಮ್ಮ ಜೇಬಲ್ಲೇ...”

ಅವನು ಆಗಲೇ ಮೆಟ್ಟಿಲಿಳಿಯುತ್ತಿದ್ದ. ಜೇಬಿನಿಂದ ಗೇಣುದ್ದದ ಬಳ್ಳಿಯೊಂದು ನೇತಾಡುತ್ತಿತ್ತು, ಎರಡು ನೀಲಿ, ಒಂದು ಕೆಂಪು.