ಪಕ್ಕದ ದೇಶದಲ್ಲಿ ಹುಟ್ಟಿದ ಪ್ರೇರಣಾ

ಅಡಿಲೇಡಿನ ನಮ್ಮ ಸ್ಯಾಲಿಸ್‌ಬರಿ ಬಡಾವಣೆಯ ಕನ್ನಡದ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಕಾರು ಕಲಿತದ್ದು ಪ್ರೇರಣಾಳ ಕೈಯಲ್ಲಿ. ಬೆಂಗಳೂರಿನ ಅಭ್ಯಾಸದಲ್ಲಿ ಸುಮ್ಮಸುಮ್ಮನೆ ಹಾರನ್ ಒತ್ತುತ್ತಿದ್ದ ನನ್ನ ಕೈಗೆ ಒಂದೇಟು ಕೊಟ್ಟು ಆ ಚಟ ಬಿಡಿಸಿದವಳು ಅವಳೇ. ಅವಳ ಅಪ್ಪ ನ್ಯೂಜಿಲೆಂಡಿನ ಹಾಲಿನ ಪುಡಿ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದರು. ಹಾಗಾಗಿ ಅವಳು ಹುಟ್ಟಿದ್ದು ಅಲ್ಲಿ, ಬೆಳೆದದ್ದು ಇಲ್ಲಿ, ಅಡಿಲೇಡಿನಲ್ಲಿ.

ಶಾಲೆಯ ಮುಂದೆ ಮಕ್ಕಳು ರಸ್ತೆ ದಾಟಲು ಒಂದು ಪಟ್ಟೆ ಹಾಕಿಸಿ ಎಂದು ಕೇಳಿ ಕೇಳಿ ಸಾಕಾಗಿ, ಅವಳು ತಾನೇ ಕೌನ್ಸಿಲ್, ಅಂದರೆ ಇಲ್ಲಿಯ ನಗರಸಭೆಯ, ಚುನಾವಣೆಗೆ ನಿಂತಳು. ಅಷ್ಟರಲ್ಲಿ ನಮ್ಮ ಕನ್ನಡ ಕೂಟದ ಮಹಾಬಲೇಶ್ವರ ಅಂಕಲ್‌ಗೂ ನಿಲ್ಲುವ ಆಸೆ ಹುಟ್ಟಿತು.

ನಮ್ಮ ಕೂಟದಲ್ಲಿ ಚುನಾವಣೆ ಎಂಬುದೇ ಇಲ್ಲ. ಗಣೇಶನ ಹಬ್ಬದ ಊಟಕ್ಕೆ ಎಲೆ ಹಾಕುವ ಮುಂಚೆ ಹಿರಿಯರೊಬ್ಬರು ಒಂದು ಹೆಸರು ಹೇಳುತ್ತಾರೆ, ಹಸಿದವರೆಲ್ಲ ಚಪ್ಪಾಳೆ ತಟ್ಟುತ್ತಾರೆ, ಅವಿರೋಧ ಆಯ್ಕೆ ಮುಗಿಯಿತು. ಈ ಸಲ ಹಿರಿಯರು ಕೌನ್ಸಿಲ್ ಸೀಟನ್ನೂ ಹಾಗೇ ಮುಗಿಸಬಹುದೆಂದುಕೊಂಡರು. ಮಹಾಬಲೇಶ್ವರರ ಹೆಸರಿಗೆ ಚಪ್ಪಾಳೆ ಬಿತ್ತು.

“ಪ್ರೇರಣಾ, ನೀನು ಬಿಟ್ಕೊಡಮ್ಮ,” ಎಂದರು ಅಂಕಲ್. “ಓಟು ಒಡೆಯುತ್ತೆ. ನಾನು ಮೈಸೂರಿನವನು, ನೀನು ಹುಟ್ಟಿದ್ದು ನ್ಯೂಜಿಲೆಂಡಲ್ಲಿ. ಅಮೆರಿಕದಲ್ಲಾದ್ರೆ ಹೊರಗಿನೋರನ್ನ ಪ್ರೆಸಿಡೆಂಟ್ ಮಾಡೋದೇ ಇಲ್ಲ.”

“ಕೆನಡಾದಲ್ಲಿ ಹುಟ್ಟಿದೋರು ಅದೇ ಅಮೆರಿಕದಲ್ಲಿ ಗವರ್ನರ್ ಆಗಿದ್ದಾರೆ ಅಂಕಲ್. ನಾನು ಕೇಳ್ತಿರೋದು ಬರೀ ಕೌನ್ಸಿಲ್ ಸೀಟು. ಅಲ್ದೆ ಮೈಸೂರು ಯಾವಾಗ ಆಸ್ಟ್ರೇಲಿಯಾಗೆ ಸೇರ್ತು? ನಾನು ಬಿಡಲ್ಲ.”

ಊಟಕ್ಕೆ ಅವಳ ಪಕ್ಕದ ಎಲೆಗೆ ಯಾರೂ ಬರಲಿಲ್ಲ. ನನಗೆ ಮೈಯೆಲ್ಲ ಉರಿಯಿತು, ಹೋಗಿ ಕೂತೆ. ಅವಳು ಆರಾಮಾಗಿ ಇನ್ನೊಂದು ಕಡುಬು ಹಾಕಿಸಿಕೊಂಡಳು.

ಆಮೇಲೆ ಅವಳ ಚುನಾವಣೆಯ ಫೋಟೊ ಬೋರ್ಡು ಕಟ್ಟಲು ನನ್ನ ಮನೆ ಬಿಟ್ಟರೆ ಕನ್ನಡದವರ ಒಂದು ಬೇಲಿಯೂ ಸಿಗಲಿಲ್ಲ. ಅವಳ ಹತ್ತಿರವೇ ಕಾರು ಕಲಿತವರು, “ಅಂಕಲ್ ಬೇಜಾರು ಮಾಡ್ಕೋತಾರೆ ಕಣೆ,” ಎಂದು ಜಾರಿಕೊಂಡರು. ನಾಚಿಕೆಗೆಟ್ಟವರು. ಬೋರ್ಡುಗಳನ್ನು ಡಿಕ್ಕಿಯಲ್ಲಿ ತುಂಬಿಕೊಂಡೇ ಅವಳು ಪಾಠ ಹೇಳಲು ಹೋಗುತ್ತಿದ್ದಳು.

ಮಹಾಬಲೇಶ್ವರರ ಹೆಂಡತಿ ಉಷಾ ಆಂಟಿ, ಈ ವಯಸ್ಸಲ್ಲಿ ಯಾಕೆ ಎಂದು ಗಂಡ ಗೊಣಗಿದರೂ, ಅವಳ ಬಳಿ ಕಾರು ಕಲಿಯುತ್ತಿದ್ದರು. ಟೆಸ್ಟ್ ಪಾಸಾದ ದಿನ ಪ್ರೇರಣಾಳ ಕಾರನ್ನು ತಾವೇ ಓಡಿಸಿಕೊಂಡು ಬಂದು ಮನೆ ಮುಂದೆ ನಿಲ್ಲಿಸಿದರು. ಎದುರು ಮನೆಯ ನಾನು ನೋಡುತ್ತಲೇ ಇದ್ದೆ. ಆಂಟಿ ಇಳಿದು ಡಿಕ್ಕಿ ತೆಗೆದು, ಪ್ರೇರಣಾಳ ಬೋರ್ಡೊಂದನ್ನು ಎಳೆದುಕೊಂಡು, ಗಂಡನ ಬೋರ್ಡಿನ ಪಕ್ಕದಲ್ಲೇ ಬೇಲಿಗೆ ಕಟ್ಟತೊಡಗಿದರು.

“ಏನೇ ಇದು? ಜನ ಏನಂತಾರೆ?” ಎನ್ನುತ್ತಾ ಅಂಕಲ್ ಹೊರಗೆ ಬಂದರು.

“ಬೇಲಿ ನಂದೂ ಹೌದಲ್ವಾ,” ಎಂದರು ಆಂಟಿ, ಗಂಟು ಬಿಗಿಯುತ್ತಾ. “ಆ ಕಡೆ ತುದಿ ಸ್ವಲ್ಪ ಹಿಡ್ಕೊಳ್ಳಿ. ಸೊಟ್ಟ ಆಗ್ತಿದೆ.”

ಅಂಕಲ್ ಹಿಡಿದುಕೊಂಡರು. ಸುದ್ದಿ ಹಬ್ಬಿ, ಸಂಜೆಯೊಳಗೆ ಬೋರ್ಡುಗಳೆಲ್ಲ ಕನ್ನಡದವರ ಬೇಲಿ ಸೇರಿ, ಪ್ರೇರಣಾಳ ಡಿಕ್ಕಿ ಖಾಲಿಯಾಯಿತು.