ಲಂಕೆಯ ಸುದ್ದಿ ಹೇಳುತ್ತಿದ್ದ ಸೋದರಮಾವ

ನನಗೆ ಆಗ ಹದಿನಾರು. ಅದಾಗಿ ಅರವತ್ತೈದು ವರ್ಷದ ಮೇಲಾಯಿತು. ಸೋದರಮಾವ ಸಿಲೋನಿನಿಂದ ವಾಪಸು ಬಂದು ಆನವಟ್ಟಿಯಲ್ಲಿ ಬಸ್ಸಿಳಿದಾಗ ನಾನು ಮೊದಲು ನೋಡಿದ್ದು ಅವನ ಕೈ. ಮೊಣಕೈಯಿಂದ ಬೆರಳಿನ ತನಕ ಎಣ್ಣೆ ಸಿಡಿದ ಕಲೆ, ಒಂದು ಕೂದಲಿಲ್ಲ, ಪುಕ್ಕ ಕಿತ್ತ ಕೋಳಿಯ ಹಾಗೆ. ಆ ಕೈಗೇ ನನ್ನನ್ನು ಕೊಡುವುದೆಂದು ನಾನು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು.

ಹನ್ನೆರಡು ವರ್ಷ ಕೊಲಂಬೋದ ಒಂದು ಊಟದ ಹೋಟೆಲಿನಲ್ಲಿ ಅಡುಗೆ ಮಾಡಿದವನು. ಬಸ್ಸು ನಿಲ್ಲುವ ಕಡೆ ಚಹಾದಂಗಡಿಯ ಬೆಂಚು ಅವನದೇ ಆಯಿತು. ಉಳವಿ, ಚಂದ್ರಗುತ್ತಿ ಕಡೆಯವರು ಸಂತೆಗೆ ಬಂದರೆ ಅವನ ಮುಂದೆ ಕೂತೇ ಹೋಗುವರು. ನಾನು ಹಾಲು ಕೊಡಲು ಹೋದಾಗ ಕೇಳುತ್ತಿದ್ದೆ.

"ರಾವಣನ ಅರಮನೆ ಐತೇನೋ ಅಲ್ಲಿ?"

"ಕೇಳ್ರೀ ಇಲ್ಲಿ," ಅಂತ ಟವೆಲಿನಿಂದ ಬಾಯಿ ಒರೆಸಿಕೊಳ್ಳುವನು. "ಅರಮನೆನೂ ಇಲ್ಲ, ರಾಜನೂ ಇಲ್ಲ. ನಮ್ಮ ಹಂಗೇ ಓಟು ಹಾಕ್ತಾರೆ."

"ಉಣ್ಣೋಕೆ?"

"ಅನ್ನಾನೇ. ಅಕ್ಕಿ ಮಾತ್ರ ಹಡಗಿನಾಗೆ ಬರ್ಬೇಕು. ಚಹಾ, ರಬ್ಬರು, ತೆಂಗು ಬೆಳೆದು ಹೊರಗೆ ಕಳಿಸ್ತಾರೆ."

"ಮತ್ತೆ ಹೊಡೆದಾಟ ಯಾಕಾತಂತೆ?"

"ಸಿಂಹಳ ಒಂದೇ ಸರ್ಕಾರದ ಭಾಷೆ ಅಂದ್ರು. ತಮಿಳ್ರು ಬ್ಯಾಡ ಅಂದ್ರು. ಬೆಂಕಿ ಹಚ್ಚಿದ್ರು. ಚಹಾ ಸೊಪ್ಪು ಕೀಳೋ ತಮಿಳ್ರು ಅದಾರಲ್ಲ, ಅಲ್ಲೇ ಹುಟ್ಟಿದೋರು, ಅವ್ರನ್ನ ಆ ದೇಶಾನೂ ನಮ್ಮೋರು ಅನ್ನಲ್ಲ, ಈ ದೇಶಾನೂ ಅನ್ನಲ್ಲ, ಅವ್ರಿಗೆ ಯಾವ ದೇಶಾನೂ ಇಲ್ಲ."

"ದೇಶ ಇಲ್ದೆ ಇರೋ ಮನುಷ್ಯ ಎಂಥೋನೋ ಮಾರಾಯ!" ಬೆಂಚೆಲ್ಲ ನಕ್ಕಿತು. ಅವನೂ ನಕ್ಕ.

ಆ ದೇಶದ ಅಕ್ಕಿ ಕೇಳಿದರು, ಓಟು ಕೇಳಿದರು. ಇವನು ಹನ್ನೆರಡು ವರ್ಷ ಹೇಗಿದ್ದ ಅಂತ ಒಬ್ಬನೂ ಕೇಳಲಿಲ್ಲ. ಹೊರಗಿನ ಗಂಡಾಗಿದ್ದರೆ ಅಪ್ಪ ಶಿಕಾರಿಪುರದ ತನಕ ನಾಲ್ಕು ಊರು ತಿರುಗಿ ವಿಚಾರಿಸುತ್ತಿದ್ದ. ಸೋದರಮಾವನಲ್ಲವೇ, ವಿಚಾರಿಸುವುದೇನು ಅಂತ ಸುಮ್ಮನಿದ್ದ. ನಮ್ಮವರ ಬುದ್ಧಿ ಅಷ್ಟೇ.

ಅಡುಗೆ ಮಾತ್ರ ಚೆನ್ನಾಗಿ ಮಾಡುತ್ತಿದ್ದ. ಇಲ್ಲ ಅನ್ನಲಾರೆ. ನನಗೆ ಕೈಹಿಡಿದು ಕಲಿಸಿದ್ದು ಅವ್ವನಲ್ಲ, ಅವನೇ. "ಒಲೆ ಉರೀತಿರುವಾಗ ಮಾತಾಡ್ಬ್ಯಾಡ" ಅನ್ನುವನು, ತಾನು ಮಾತ್ರ ಬಾಯಿ ಮುಚ್ಚುತ್ತಿರಲಿಲ್ಲ. ಒಂದು ಮಧ್ಯಾಹ್ನ ತೆಂಗಿನತುರಿ, ಒಣಮೆಣಸು, ಈರುಳ್ಳಿ ಕುಟ್ಟಿ ನಿಂಬೆಹಣ್ಣು ಹಿಂಡಿ ಕೆಂಪಗೆ ಒಂದು ಚಟ್ನಿ ಮಾಡಿಕೊಟ್ಟ. ಎರಡು ಸಲ ಹಾಕಿಸಿಕೊಂಡೆ.

"ಹೋಟ್ಲಲ್ಲಿ ಕಲಿತ್ಯಾ ಮಾವ?"

"ಇಲ್ಲ, ಹೆಂಡ್ತಿ ಕಲಿಸಿದ್ಲು."

ತಲೆ ಎತ್ತದೆ ಹೇಳಿದ. ಒರಳು ತೊಳೆಯುತ್ತಿದ್ದ.

"ಯಾರ ಹೆಂಡ್ತಿ?"

"ನನ್ನ ಹೆಂಡ್ತೀನೇ. ಚಹಾ ತೋಟದೋರ ಹುಡುಗಿ, ಹೋಟ್ಲಿಗೆ ಪಾತ್ರೆ ತೊಳೆಯೋಕೆ ಬಂದಿದ್ಲು. ಒಂದು ಹೆಣ್ಣು ಮಗು."

"ಕರ್ಕೊಂಡು ಬರ್ಲಿಲ್ಲ ಯಾಕೆ?"

"ಅವ್ಳಿಗೆ ಪಾಸ್‌ಪೋರ್ಟ್ ಯಾರು ಕೊಡ್ತಾರೆ? ಅವಳು ಯಾವ ದೇಶದೋಳೂ ಅಲ್ಲ. ನನ್ನ ಹತ್ರ ಇತ್ತು. ಗಲಾಟೆ ಆದ ವಾರ ಹಡಗು ಹತ್ತಿದೆ."

"ಬದುಕಿದಾಳಾ?"

"ಯಾರಿಗೊತ್ತು. ನೀನ್ಯಾಕೆ ತಲೆ ಕೆಡಿಸ್ಕೋತೀ ಕೂಸೆ? ಸಮುದ್ರದ ಆ ಕಡೇದು ಆ ಕಡೆಗೇ ಆತು."

ತಟ್ಟೆಯಲ್ಲಿ ಉಳಿದದ್ದನ್ನೆಲ್ಲ ಹಿತ್ತಲಿಗೆ ಒಯ್ದು ಚೆಲ್ಲಿದೆ. ಬಿಟ್ಟು ಬಂದದ್ದಕ್ಕಲ್ಲ ಅಷ್ಟು. ಜೀವಭಯಕ್ಕೆ ಓಡಿದ ಅನ್ನಬಹುದು. ಆ ಬೆಂಚಿನ ಮೇಲೆ, ದೇಶವಿಲ್ಲದವರು ಅಂತ ಎಲ್ಲರೂ ನಕ್ಕಾಗ ಇವನೂ ನಕ್ಕನಲ್ಲ, ಅದಕ್ಕೆ.

ಅವ್ವನಿಗೆ ಹೇಳಿದರೆ ಅವಳು ರೊಟ್ಟಿ ತಟ್ಟುವುದನ್ನೂ ನಿಲ್ಲಿಸಲಿಲ್ಲ. "ಗಂಡಸ್ರು ಪರದೇಶಕ್ಕೆ ಹೋದ್ರೆ ಅಂಥದ್ದೆಲ್ಲ ಇರ್ತೈತೆ. ನಾಳಿದ್ದು ವೀಳ್ಯದ ಶಾಸ್ತ್ರ ಇಟ್ಕೊಂಡು ಬಾಯಿ ಬಿಟ್ಟೀಯ ಮತ್ತೆ." ತಮ್ಮನಿಗೊಂದು ಸಂಸಾರ ಕಟ್ಟಿಕೊಡುವುದೊಂದೇ ಅವಳಿಗೆ ಬೇಕಿದ್ದದ್ದು.

ಆ ಮದುವೆ ಆಗಲಿಲ್ಲ. ನನ್ನನ್ನು ಒಂದು ವರ್ಷ ಯಾರೂ ಕೇಳಿಕೊಂಡು ಬರಲಿಲ್ಲ, ಆಮೇಲೆ ಉಳವಿಗೆ ಕೊಟ್ಟರು. ಮಾವ ಶಿಕಾರಿಪುರದಲ್ಲಿ ಹೋಟೆಲು ಇಟ್ಟ, ಬೇರೆ ಕಡೆ ಮದುವೆಯಾದ, ಮುದುಕನಾಗಿ ಲಕ್ವ ಹೊಡೆದು ಸತ್ತ. ಮಣ್ಣಿಗೆ ಹೋಗಿದ್ದೆ. ಅಳಲಿಲ್ಲ. ಕೊಲಂಬೋಗೆ ಒಂದು ಕಾಗದವನ್ನೂ ಅವನು ಬರೆದಿರಲಿಲ್ಲ ಅಂತ ಅವನ ಇಲ್ಲಿಯ ಹೆಂಡತಿಯೇ ಹೇಳಿದಳು. ಅವನು ಕಲಿಸಿದ ಅಡುಗೆಯಿಂದ ನಾನು ಮನೆಮಂದಿಗೆಲ್ಲ ಉಣ್ಣಿಸಿದ್ದೇನೆ, ಆ ಋಣ ನನ್ನ ಮೇಲಿದೆ. ಮನುಷ್ಯ ಮಾತ್ರ ಹೇಸಿಗೆ.

ಅವ್ವ ಬಾಯಿ ಮುಚ್ಚು ಅಂದ ಮರುದಿನ ಬೆಳಿಗ್ಗೆ ನಾನು ಚಹಾದಂಗಡಿಗೆ ಹೋದೆ. ಬೆಂಚು ತುಂಬ ಜನ. ಒಬ್ಬ, "ಅಲ್ಲಿ ಹೆಂಗಸ್ರು ಹೆಂಗಿರ್ತಾರೋ?" ಅಂತ ಕೇಳಿದ್ದ. ಮಾವ ಟವೆಲಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದ. ನಾನು ಎಲ್ಲರಿಗೂ ಕೇಳುವ ಹಾಗೆ ಕೇಳಿದೆ: "ಮಾವ, ಅಲ್ಲಿರೋ ನಿನ್ನ ಹೆಂಡ್ತಿ ಹೆಸರೇನು? ಮಗಳ ಹೆಸರೇನು?" ಕೇಳಿ, ಅವನು ಹೇಳುವ ತನಕ ಅಲ್ಲೇ ನಿಂತೆ.