ಸೂಜಿ ಚುಚ್ಚಿದಷ್ಟೇ ಗಾಯ

‘ಏನಿಲ್ರಿ ಅಕ್ಕಾರ, ಸೂಜಿ ಚುಚ್ಚಿದಂಗ ಆಗೇದ. ಒಂದು ಪಟ್ಟಿ ಕೊಡ್ರಿ’ ಎನ್ನುತ್ತಾ ಪೇಂಟರ್ ಶರಣಪ್ಪ ಸ್ಟೋರಿನ ಕಿಟಕಿಯೊಳಗೆ ಎಡಗೈ ಚಾಚಿದರು. ಪುಣೆಯ ಆ ಕಾರ್ಖಾನೆಯಲ್ಲಿ ನಾನು ಸ್ಟೋರ್ ಗುಮಾಸ್ತೆ. ತೋರುಬೆರಳ ತುದಿಯಲ್ಲಿ ಸಣ್ಣ ಚುಕ್ಕೆಯಿತ್ತು, ರಕ್ತವಿರಲಿಲ್ಲ. ಆದರೆ ಬೆರಳು ಬಿಳಿಚಿ ಊದುತ್ತಿತ್ತು.

ಪಂಪ್ ನಿಲ್ಲಿಸಿ, ಬಣ್ಣದ ಒತ್ತಡದ ರೆಗ್ಯುಲೇಟರನ್ನು ಪೂರ್ತಿ ತಗ್ಗಿಸಿಯೇ ಅವರು ಸ್ಪ್ರೇ ಗನ್ನಿನ ಮೂತಿ ಬಿಚ್ಚಿದ್ದರು. ಆದರೂ ಬಣ್ಣ ಚಿಮ್ಮಿ ಬೆರಳಿಗೆ ಹೊಡೆದಿತ್ತು. ಪಂಪ್ ನಿಲ್ಲಿಸಿದ ಮೇಲೂ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ, ಗನ್ ಒತ್ತಿ ಅದನ್ನು ಬಕೆಟ್ಟಿಗೆ ಬಿಡಬೇಕು ಎಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಆ ಒತ್ತಡ ತೋರಿಸುವ ಮೀಟರ್ ಒಡೆದು ತಿಂಗಳಾಗಿತ್ತು. ಹೊಸದು ನನ್ನ ಕಪಾಟಿನಲ್ಲೇ ಇತ್ತು. ಕೂರಿಸಲು ಅರ್ಧ ತಾಸು ಕೆಲಸ ನಿಲ್ಲುತ್ತದೆಂದು ಸೂಪರ್‌ವೈಸರ್ ಅದನ್ನು ಒಯ್ದಿರಲಿಲ್ಲ.

‘ಕಾಹೀ ಝಾಲಂ ನಾಹೀ!’ ಏನೂ ಆಗಿಲ್ಲ, ಪಟ್ಟಿ ಕಟ್ಟಿ ಕಳಿಸು ಎಂದು ಆತ ನನ್ನನ್ನೇ ಗದರಿದ. ನಾನು ಕೇಳಲಿಲ್ಲ. ಶರಣಪ್ಪನವರನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಶಿವಾಜಿನಗರದ ಆಸ್ಪತ್ರೆಗೆ ಓಡಿದೆ. ಬಣ್ಣ ಚರ್ಮದೊಳಗೆ ನುಗ್ಗಿ ಅಂಗೈವರೆಗೂ ಹರಡಿತ್ತು. ಇನ್ನಷ್ಟು ತಡವಾಗಿದ್ದರೆ ಕೈಯೇ ಹೋಗುತ್ತಿತ್ತು ಎಂದರು ಡಾಕ್ಟರು. ಕೈ ಉಳಿಯಿತು, ಬೆರಳು ಉಳಿಯಲಿಲ್ಲ.

ಮರುದಿನ ಸೂಪರ್‌ವೈಸರ್ ಅಪಘಾತದ ವರದಿ ತಂದು ಸಾಕ್ಷಿಯಾಗಿ ಸಹಿ ಹಾಕು ಎಂದ. ಅದರಲ್ಲಿದ್ದ ಕಾರಣ: ‘ಕಾರ್ಮಿಕನ ಅಜಾಗರೂಕತೆ’. ಆ ಸಾಲನ್ನು ಅವನೆದುರೇ ಹೊಡೆದುಹಾಕಿ, ಒಡೆದ ಮೀಟರಿನ ಸಂಗತಿಯನ್ನು ದಪ್ಪಕ್ಷರದಲ್ಲಿ ಬರೆದು ಸಹಿ ಹಾಕಿದೆ. ವಾರದೊಳಗೆ ನನ್ನನ್ನು ಬೇರೆ ವಿಭಾಗಕ್ಕೆ ಹಾಕಿದರು.

ವರ್ಷಗಳೇ ಕಳೆದಿವೆ. ಕೆಲಸಗಾರನ ತಪ್ಪಿನಿಂದ ಅವಘಡ ಎಂದು ಎಲ್ಲಾದರೂ ಓದಿದರೆ, ಹಾಗೆ ಬರೆದವನು ಯಾರು ಎಂದು ಕೇಳಬೇಕೆನಿಸಿ ಇವತ್ತಿಗೂ ಮೈ ಉರಿಯುತ್ತದೆ.